ತೊರೆಯ ಮೇಲಿನ ಕೆನೆ

ಸೋದರಮಾವನ ಗ್ಯಾರೇಜಿನ ಹಿಂದಿನ ತೊರೆಯಲ್ಲಿ ಕಿತ್ತಳೆ ಬಣ್ಣದ ಗಸಿ, ಅದರ ಮೇಲೆ ಕಾಮನಬಿಲ್ಲಿನ ಬಣ್ಣಗಳ ತೆಳು ಕೆನೆ ಕಾಣಿಸಿಕೊಂಡು ತಿಂಗಳಾಗಿತ್ತು. ಎಂಜಿನ್ ಎಣ್ಣೆಯೇ ಎಂದು ಪಕ್ಕದ ಲಾಂಡ್ರಿಯವನು ದೂರು ಕೊಟ್ಟ. ಸೋಮವಾರ ತಪಾಸಣೆ, ಎಣ್ಣೆಯೆಂದು ಖಚಿತವಾದರೆ ಗ್ಯಾರೇಜಿಗೆ ಬೀಗ ಎಂದು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ನೋಟಿಸು ಬಂತು.

ಅದು ಎಣ್ಣೆಯಲ್ಲವೆಂದು ನನಗೆ ಗೊತ್ತಿತ್ತು. ನೆಲದೊಳಗಿನ ಕಬ್ಬಿಣ ನೀರಿನಲ್ಲಿ ಕರಗಿ ಒಸರುತ್ತದೆ. ಗಾಳಿ ಸೋಕಿದ ಕಡೆ ಬ್ಯಾಕ್ಟೀರಿಯಾಗಳು ಅದನ್ನು ತುಕ್ಕಿನ ಕಣಗಳಾಗಿಸುತ್ತವೆ. ಕೆನೆಯೂ ಅವುಗಳದೇ. ಕಡ್ಡಿಯಿಂದ ಕೆದಕಿದರೆ ಒಡೆದ ಗಾಜಿನಂತೆ ಚೂರಾಗುತ್ತದೆ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ. ಪದವಿಯಲ್ಲಿ ಓದಿದ್ದೆ. ಮೂರು ವಾರದ ಹಿಂದೆಯೇ ಚಿತ್ರಸಮೇತ ಡೈರಿಯಲ್ಲಿ ಬರೆದೂ ಇಟ್ಟಿದ್ದೆ. ಬಾಯಿಬಿಟ್ಟು ಹೇಳುವುದೊಂದು ಬಾಕಿಯಿತ್ತು. ಊಟಕ್ಕೆ ಕೂತಾಗ ಎರಡು ಸಲ ಗಂಟಲು ಸರಿಮಾಡಿಕೊಂಡೆ. ಅತ್ತೆ ಎರಡು ಸಲವೂ ನೀರು ಕೊಟ್ಟರು.

ಮಾವನಂತೂ ಕುಂಬಳಕಾಯಿ ಕಳ್ಳ ಎಂದರೆ ಎರಡೂ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಸೋಮವಾರ ಇನ್‌ಸ್ಪೆಕ್ಟರಮ್ಮ ಗಾಡಿಯಿಂದ ಇಳಿಯುವ ಮೊದಲೇ ಕೈಮುಗಿದು ನಿಂತುಬಿಟ್ಟರು.

"ಮೂವತ್ತು ವರ್ಷದಲ್ಲಿ ಯಾವಾಗ್ಲಾದ್ರೂ ಒಂಚೂರು ಚೆಲ್ಲಿರ್ತೀನಿ ಮೇಡಂ. ಮನುಷ್ಯ ಅಲ್ವಾ."

ಆಕೆ ಪೆನ್ನು ತೆಗೆದು ಬರೆಯತೊಡಗಿದರು.

"ನೋಡಿ, ಯಾರೂ ಕೇಳ್ದೇನೇ ಒಪ್ಕೊಂಡ್ರು," ಎಂದರು ಅತ್ತೆ. "ಮದುವೆಗೂ ಹೀಗೇ ಒಪ್ಕೊಂಡಿದ್ದು ಇವ್ರು."

ಲಾಂಡ್ರಿಯವನ ಮುಖ ಇಸ್ತ್ರಿ ಮಾಡಿದಷ್ಟು ನುಣ್ಣಗಾಗಿತ್ತು. ಪೆನ್ನು ಎರಡನೆಯ ಸಾಲಿಗೆ ಇಳಿಯಿತು. ನನ್ನ ನಾಲಗೆ ಎಂದಿನಂತೆ ಅಂಗುಳಿಗೆ ಅಂಟಿತ್ತು, ಆದರೆ ಕಾಲು ಅದರ ಮಾತು ಕೇಳಲಿಲ್ಲ. ಚಪ್ಪಲಿ ಸಮೇತ ತೊರೆಗಿಳಿದು, ಕೈಗೆ ಸಿಕ್ಕ ಕಡ್ಡಿಯಿಂದ ಕೆನೆಯನ್ನು ಕೆದಕಿದೆ. ಚೂರುಚೂರಾಯಿತು. ಚೂರುಗಳು ಕೂಡಿಕೊಳ್ಳದೆ ತಮ್ಮಷ್ಟಕ್ಕೆ ತೇಲಿಹೋದವು.

"ಇದು ಎಣ್ಣೆ ಅಲ್ಲ, ತುಕ್ಕಿನ ಪೊರೆ," ಎಂದೆ. ದನಿ ನನ್ನದೇ ಇರಬೇಕು. "ಎಣ್ಣೆ ಆಗಿದ್ರೆ ಮತ್ತೆ ಕೂಡ್ಕೋತಿತ್ತು."

"ಕೂಡ್ಕೋತಿತ್ತು ಅಂತ ಕಂಡೋರು ಯಾರಮ್ಮಾ?" ಎಂದ ಲಾಂಡ್ರಿಯವನು.

ಮಾವನಿಗೆ ಜೀವ ಬಂತು. ಒಳಗೆ ಓಡಿ ಎಣ್ಣೆ ಡಬ್ಬಿ ತಂದರು. ನಾನು ಬೇಡ ಎನ್ನಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ತಿಳಿನೀರಿದ್ದ ಕಡೆ ಒಂದು ತೊಟ್ಟು ಬಿಟ್ಟೇಬಿಟ್ಟರು. ಬಣ್ಣ ಹರಡಿತು. ನನ್ನ ಕೈಯ ಕಡ್ಡಿ ಕಸಿದು ಕೆದಕಿದರು. ಎಣ್ಣೆ ಬೇರೆಯಾಯಿತು, ಮತ್ತೆ ಕೂಡಿಕೊಂಡಿತು.

"ನೋಡಿ ಮೇಡಂ, ಇದು ನಮ್ಮೆಣ್ಣೆ," ಎಂದರು ಹೆಮ್ಮೆಯಿಂದ.

ಲಾಂಡ್ರಿಯವನೂ ತಲೆಯಾಡಿಸಿದ. ಇನ್‌ಸ್ಪೆಕ್ಟರಮ್ಮ ಬರೆದ ಹಾಳೆಗೆ ಅಡ್ಡಗೆರೆ ಎಳೆದರು. ಆಮೇಲೆ ಹೊಸ ಹಾಳೆ ತಿರುವಿ, ಎಣ್ಣೆ ಬಿಟ್ಟಾಗ ಗಂಟೆ ಎಷ್ಟಾಗಿತ್ತು ಎಂದು ಮಾವನನ್ನು ಕೇಳಿದರು.

ಗ್ಯಾರೇಜಿಗೆ ಬೀಗ ಬೀಳಲಿಲ್ಲ. ಬಾಗಿಲ ಮೇಲೆ ಎಚ್ಚರಿಕೆ ಪತ್ರವೊಂದು ಬಿತ್ತು: ತೊರೆಗೆ ಎಣ್ಣೆ, ಒಂದು ತೊಟ್ಟು, ಅಧಿಕಾರಿಯ ಸಮಕ್ಷಮ. ಮಾವ ಬಂದವರಿಗೆಲ್ಲ ಅದನ್ನು ಓದಿಸಿ, ತನ್ನ ಎಣ್ಣೆಯೇ ತನ್ನನ್ನು ಉಳಿಸಿತೆಂದು ಹೇಳುತ್ತಾರೆ. ಕೆಳಗೆ ಸಾಕ್ಷಿಯ ಜಾಗದಲ್ಲಿ ಇರುವುದು ನನ್ನ ಸಹಿ. ಹಾಕಲಾರೆ ಎನ್ನಬೇಕೆಂದಿದ್ದೆ. ಗಂಟಲು ಸರಿಮಾಡಿಕೊಂಡೆ. ಅತ್ತೆ ನೀರು ತಂದರು.