ಮನೆ ಗಡಿಯಾರದ ಸಮಯ

ರೇಡಿಯೊ ಕ್ಲಬ್ಬಿನ ಅಧ್ಯಕ್ಷ ಕನ್ನಡಕ ಏರಿಸಿಕೊಂಡು ಶ್ರದ್ಧಾಂಜಲಿಯ ಎರಡನೇ ಸಾಲು ಓದುವಷ್ಟರಲ್ಲಿ ತಂಗಿ ಅವನ ಕೈಯಿಂದ ಚೀಟಿ ಕಿತ್ತುಕೊಂಡಳು.

"ಏನಂದ್ರಿ? ಇನ್ನೊಂದ್ಸಲ ಹೇಳಿ."

ಗುಂಡಿಗೆ ಮಣ್ಣು ಎಳೆಯುತ್ತಿದ್ದವನು ಕೈ ನಿಲ್ಲಿಸಿದ. ಕ್ಲಬ್ಬಿನ ಒಂಬತ್ತು ಜನ ತಂತಮ್ಮ ಬೂಟು ನೋಡಿಕೊಂಡರು. ಚೀಟಿಯಲ್ಲಿ ದುಂಡಗೆ ಬರೆದಿತ್ತು: 'ಇಪ್ಪತ್ತಾರು ವರ್ಷ ನಮಗೆಲ್ಲ ನಗುನಗುತ್ತ ಟೀ ಮಾಡಿಕೊಟ್ಟ ಸಹೃದಯಿ.'

"ಟೀ!" ಎಂದಳು ತಂಗಿ. "ಸತ್ತಿರೋದು ನಮ್ಮಕ್ಕ ಕಣ್ರೀ, ನಿಮ್ಮ ಹೋಟೆಲ್ ಮುಚ್ಚಿರೋದಲ್ಲ."

"ದುಃಖದಲ್ಲಿದ್ದೀರಮ್ಮ, ಸಮಾಧಾನ..."

"ದುಃಖ ಆಮೇಲೆ ಪಡ್ತೀನಿ. ಈಗ ಮೈಯೆಲ್ಲ ಉರೀತಿದೆ. ಸಂಜೆ ಐದಕ್ಕೆ ಅಕ್ಕನಿಗೆ ಕೊನೇ ಕರೆ ಕೊಡ್ತೀರೋ ಇಲ್ವೋ, ಅಷ್ಟು ಹೇಳಿ."

ಕ್ಲಬ್ಬಿನವರೊಬ್ಬರು ತೀರಿಕೊಂಡರೆ ಮಣ್ಣಾದ ದಿನ ಸಂಜೆ ಐದಕ್ಕೆ ಅವರನ್ನು ರೇಡಿಯೊದಲ್ಲಿ ಮೂರು ಸಲ ಕರೆಯುತ್ತಿದ್ದರು. ಒಂದು ನಿಮಿಷ ಕಾದು, ಲಾಗ್ ಪುಸ್ತಕದಲ್ಲಿ 'ಉತ್ತರವಿಲ್ಲ' ಎಂದು ಬರೆದು ಗೆರೆ ಎಳೆಯುತ್ತಿದ್ದರು. ಅಂಥ ಕರೆಗಳನ್ನು ಅಕ್ಕ ಮನೆಯ ಹಳೇ ಸೆಟ್ಟಿನಲ್ಲಿ ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಸಾಯುವ ಮುನ್ನಾದಿನ ಅವಳು ಕೇಳಿದ್ದು ಒಂದೇ ಮಾತು: "ನನ್ನೂ ಕರೀತಾರೇನೇ?"

"ಅದು ಲೈಸೆನ್ಸ್ ಇದ್ದವರಿಗೆ," ಎಂದ ಅಧ್ಯಕ್ಷ. "ನಿಮ್ಮಕ್ಕ ಬರೀ ಕೇಳೋರು. ಅವರಿಗೆ ಕಾಲ್‌ಸೈನೇ, ಲೈಸೆನ್ಸ್ ಜೊತೆ ಕೊಡೋ ಗುರುತಕ್ಷರಾನೇ ಇರಲಿಲ್ಲ. ಏನಂತ ಕರೆಯೋದು?"

"ಅರ್ಜಿಗೆ ಸಹಿ ಹಾಕದೆ ಮೂರು ಸಲ ವಾಪಸ್ ಕಳಿಸಿದ್ದು ಯಾರು? ನಿಮ್ಮಪ್ಪನಾ?"

ಯಾರೋ ಕೆಮ್ಮಿದರು. ಕ್ಲಬ್ಬಿನ ಸೆಟ್ಟುಗಳನ್ನೆಲ್ಲ ರಿಪೇರಿ ಮಾಡುವ ಬೆಸುಗೆಯಣ್ಣ ಮಾತ್ರ ತಲೆಯೆತ್ತಿ ಅವಳನ್ನು ನೋಡಿದ.

*

ಅಕ್ಕ ಆಸ್ಪತ್ರೆಯ ಹಾಸಿಗೆ ಹೊದಿಕೆಗಳಿಗೆ ಅಂಚು ಹೊಲಿಯುತ್ತಿದ್ದಳು. ಮಿಷನ್ನಿನ ಪಕ್ಕದಲ್ಲೇ ಶಾರ್ಟ್‌ವೇವ್ ಸೆಟ್ಟು. ಯಾವುದೋ ದೇಶದ ಹವಾಮಾನ, ಯಾರದೋ ಭಾಷೆಯ ಹಾಡು. ಕೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಸಮಯದ ಸಮೇತ ಬರೆಯುವಳು. ಕ್ಲಬ್ಬಿನವರು ಬರೆಯುತ್ತಿದ್ದುದು ಜಾಗತಿಕ ಸಮಯ; ಅದು ಊರಿನ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಅಕ್ಕ ಬರೆಯುತ್ತಿದ್ದುದು ಅಡುಗೆಮನೆ ಗೋಡೆಯ ಗಡಿಯಾರ ನೋಡಿ. ಅದಕ್ಕೆ ಅವರೆಲ್ಲ ನಗುತ್ತಿದ್ದರು.

"ನಗಲಿ ಬಿಡೇ," ಎನ್ನುತ್ತಿದ್ದಳು. "ನಾನೇನು ರೈಲು ಓಡಿಸ್ಬೇಕಾ?"

ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಮಿಷನ್ನಿನ ಸದ್ದು ಪಟ್ಟನೆ ನಿಂತಿತು. ತಂಗಿ ಬಂದು ನೋಡಿದರೆ ಅಕ್ಕ ಸೆಟ್ಟಿಗೆ ಕಿವಿ ಹಚ್ಚಿ ಕೂತಿದ್ದಳು. ಗರಗರ ಸದ್ದಿನ ನಡುವೆ ಒಬ್ಬ ಗಂಡಸು ಅಳುತ್ತಿದ್ದ. ದೋಣಿಗೆ ನೀರು ನುಗ್ಗಿದೆ, ನಾಲ್ಕು ಜನ ಇದ್ದೀವಿ. ಅಕ್ಕ ಅವನು ಹೇಳಿದ ಜಾಗ ಬರೆದುಕೊಂಡು, ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿದ್ದಂತೆಯೇ, ಬರಿಗಾಲಲ್ಲಿ ಕ್ಲಬ್ಬಿಗೆ ಓಡಿದಳು. ಅಧ್ಯಕ್ಷ ಒಬ್ಬನೇ ಇದ್ದ. ನೋಟ್‌ಬುಕ್ ಇಸಿದುಕೊಂಡು ಬಂದರಿಗೆ ಫೋನ್ ಮಾಡಿದ. ಸಂಜೆ ಆರರೊಳಗೆ ನಾಲ್ವರೂ ದಡ ಸೇರಿದರು.

ಪ್ರಶಸ್ತಿಪತ್ರ ಬಂದದ್ದು ಅಧ್ಯಕ್ಷನ ಹೆಸರಿಗೆ. 'ಸ್ವತಃ ಆಲಿಸಿ ನಾಲ್ಕು ಜೀವ ಉಳಿಸಿದ' ಎಂದು ಅದರಲ್ಲಿತ್ತು. ಕ್ಲಬ್ಬಿನ ಗೋಡೆಗೆ ಗಾಜು ಹಾಕಿ ಏರಿಸಿದರು.

"ಜೀವ ಉಳೀತಲ್ಲ, ಸಾಕು ಬಿಡು," ಎಂದಳು ಅಕ್ಕ. ಆ ವಾರ ಅವಳು ಹೊಲಿದ ಅಂಚೆಲ್ಲ ಓರೆಯಾಗಿ, ಬಿಚ್ಚಿ ಹೊಲಿಯಬೇಕಾಯಿತು.

*

ಐದಕ್ಕೆ ಹತ್ತು ನಿಮಿಷವಿತ್ತು. ತಂಗಿ ಸ್ಮಶಾನದ ಮಣ್ಣಿನ ಕಾಲಲ್ಲೇ ಕ್ಲಬ್ಬಿಗೆ ನುಗ್ಗಿ ಅಕ್ಕನ ನೋಟ್‌ಬುಕ್ಕನ್ನು ಮೇಜಿನ ಮೇಲೆ ಕುಕ್ಕಿದಳು.

"ಓದಿ. ಮೂರು ನಲವತ್ತು, ದೋಣಿ, ನಾಲ್ಕು ಜನ. ಇದು ಯಾರ ಅಕ್ಷರ?"

"ಆಮೇಲೂ ಬರ್ಕೋಬಹುದಲ್ಲಮ್ಮ," ಎಂದ ಹಿಂದೆಯೇ ಬಂದ ಅಧ್ಯಕ್ಷ. "ನಾನು ಕೇಳಿದ್ದು ನಮ್ಮ ಲಾಗ್‌ನಲ್ಲಿದೆ. ಲಾಗ್ ಸುಳ್ಳು ಹೇಳಲ್ಲ."

ಬೆಸುಗೆಯಣ್ಣ ಬೀರುವಿನಿಂದ ಆ ವರ್ಷದ ಲಾಗ್ ತೆಗೆದು, ಸುಟ್ಟ ಕಲೆಗಳ ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸಿದ.

"ಹದಿನೈದು ನಲವತ್ತು ಅಂತಿದೆ."

"ಸರಿಯಾಗೇ ಇದೆಯಲ್ಲ! ಮೂರು ನಲವತ್ತು!"

"ಎಲ್ಲಿ ಸರಿ, ಸಾರ್?" ಬೆಸುಗೆಯಣ್ಣ ಪುಸ್ತಕವನ್ನು ಅವನತ್ತ ತಿರುಗಿಸಿದ. "ಲಾಗ್‌ನಲ್ಲಿರೋದು ಜಾಗತಿಕ ಸಮಯ; ಅಲ್ಲಿ ಹದಿನೈದು ನಲವತ್ತು ಅಂದ್ರೆ ಊರಲ್ಲಿ ರಾತ್ರಿ ಒಂಬತ್ತು ಹತ್ತು. ಅಷ್ಟೊತ್ತಿಗೆ ಆ ನಾಲ್ಕೂ ಜನ ಒಣಬಟ್ಟೆ ಹಾಕ್ಕೊಂಡು ಆಸ್ಪತ್ರೇಲಿ ಬಿಸಿ ಹಾಲು ಕುಡೀತಿದ್ರು. ನೀವೇ ಕೇಳಿದ್ರೆ ಹತ್ತು ಗಂಟೆ ಹತ್ತು ನಿಮಿಷ ಅಂತ ಬರೀತಿದ್ರಿ. ಇಡೀ ಪುಸ್ತಕದಲ್ಲಿ ಇದೊಂದೇ ಸಾಲಿಗೆ ಮನೆ ಗಡಿಯಾರದ ಟೈಮ್ ಎಲ್ಲಿಂದ ಬಂತು?"

ಅಧ್ಯಕ್ಷ ಲಾಗ್ ಮುಚ್ಚಲು ಕೈ ಚಾಚಿದ.

"ಥೂ! ಕದಿಯೋದನ್ನೂ ನೆಟ್ಟಗೆ ಕದೀಲಿಲ್ವಲ್ರೀ!" ಎಂದಳು ತಂಗಿ. "ಹೋಗಿ, ಟೀ ಮಾಡಿ. ಇನ್ಮೇಲೆ ಯಾರಾದ್ರೂ ಮಾಡ್ಬೇಕಲ್ಲ."

ಅವಳ ಮುಖ ನೋಡಲಾರದೆ ಅವನು ನಿಜವಾಗಿಯೂ ಒಳಕೋಣೆಗೆ ಹೋದ.

ಐದು ಹೊಡೆಯಿತು. ಬೆಸುಗೆಯಣ್ಣ ಮೈಕ್ ಎಳೆದುಕೊಂಡು ಕ್ಲಬ್ಬಿನ ಕಾಲ್‌ಸೈನ್ ಹೇಳಿದ. ಆಮೇಲೆ ಅಕ್ಕನನ್ನು ಹೆಸರು ಹಿಡಿದು ಕರೆದ, ಮೂರು ಸಲ. ಸೆಟ್ಟಿನಲ್ಲಿ ಬರೀ ಸುಯ್ ಎನ್ನುವ ಸದ್ದು. ಹುಚ್ಚು ಎಂದು ಗೊತ್ತಿದ್ದೂ ತಂಗಿ ಇಡೀ ನಿಮಿಷ ಕಿವಿಗೊಟ್ಟು ನಿಂತಳು.

ಬೆಸುಗೆಯಣ್ಣ ಹೊಸ ಲಾಗ್ ತೆರೆದು, ಗೋಡೆಯ ಜಾಗತಿಕ ಗಡಿಯಾರ ನೋಡಿ 'ಹನ್ನೊಂದು ಮೂವತ್ತು' ಎಂದು ಬರೆಯತೊಡಗಿದ. ತಂಗಿ ಅವನ ಕೈ ಹಿಡಿದಳು.

"ಅಕ್ಕನ ಟೈಮ್ ಬರಿಯಣ್ಣ."

ಅವನು ಅದನ್ನು ಹೊಡೆದುಹಾಕಿ 'ಸಂಜೆ ಐದು' ಎಂದು ಬರೆದ. ಪಕ್ಕದಲ್ಲಿ 'ಉತ್ತರವಿಲ್ಲ' ಎಂದು ಬರೆದು ಗೆರೆ ಎಳೆದ. ಒಳಕೋಣೆಯಲ್ಲಿ ಅಧ್ಯಕ್ಷ ಸಕ್ಕರೆ ಎಲ್ಲಿದೆಯೆಂದು ತಿಳಿಯದೆ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಮುಚ್ಚುತ್ತಿರುವುದು ಕೇಳಿಸುತ್ತಿತ್ತು.