ಒಂದೇ ಗಿಡದ ಎರಡು ಎಲೆ

ಹಣ್ಣಿನ ಸಂಶೋಧನಾ ಕೇಂದ್ರದ ಡಿಎನ್‌ಎ ಲ್ಯಾಬಿನಲ್ಲಿ ಅವಳೊಬ್ಬಳೇ ಟೆಕ್ನೀಷಿಯನ್. ಜೊತೆಗಿದ್ದವಳಿಗೆ ವರ್ಗವಾದ ಮೇಲೆ ಆ ಕುರ್ಚಿಗೆ ಯಾರೂ ಬಂದಿರಲಿಲ್ಲ. ಮನೆಯಲ್ಲೂ ಒಬ್ಬಳೇ. ಶನಿವಾರ ಲ್ಯಾಬಿಗೆ ಬೀಗ ಹಾಕಿದರೆ ಸೋಮವಾರದವರೆಗೆ ಮಾತಿಗೊಂದು ಜನವಿರಲಿಲ್ಲ.

ಬಿಸಿಲು ತಾಳುವ ಹಳೆಯ ಅಂಜೂರದ ಗಿಡಗಳನ್ನು ಹುಡುಕುವುದು ಆ ವರ್ಷದ ಕೆಲಸ. ಹಿತ್ತಲಲ್ಲಿ ಅಂಥ ಗಿಡವಿದ್ದವರು ಎಲೆ ಕಳಿಸುತ್ತಿದ್ದರು. ಕೇಂದ್ರದವರು ಹೋಗಿ ಗಿಡಕ್ಕೆ ಬಿಸಿಲು, ತೇವ ಅಳೆಯುವ ಪುಟ್ಟ ಸೆನ್ಸರ್ ಡಬ್ಬಿ ಕಟ್ಟಿ ಬರುತ್ತಿದ್ದರು. ಒಂದು ದಿನ ಎರಡು ಎಲೆಗಳ ಫಲಿತಾಂಶ ಅಚ್ಚು ಹಾಕಿದಂತೆ ಒಂದೇ ಬಂತು. ಒಂದು ಎಲೆ ಇದೇ ಊರಿನ ಹಿರಿಯ ಹೆಂಗಸಿನದು, ಇನ್ನೊಂದು ಆರು ತಾಸಿನ ದಾರಿಯಾಚೆಯ ಹೆಂಗಸಿನದು. ಎಲ್ಲೋ ಅದಲುಬದಲಾಗಿರಬೇಕೆಂದು ಅವಳು ಮತ್ತೆ ಪರೀಕ್ಷೆ ಮಾಡಿದಳು. ಅದೇ ಉತ್ತರ. ಒಂದರ ಕಡ್ಡಿ ನೆಟ್ಟೇ ಇನ್ನೊಂದು ಬೆಳೆದಿದೆ.

ಊರಿನಾಕೆಗೆ ಫೋನ್ ಮಾಡಿದಳು. ಅದು ಅಪ್ಪ ನೆಟ್ಟ ಗಿಡ, ಯಾರಿಗೂ ಕೊಟ್ಟಿಲ್ಲ ಎಂದು ಆಕೆ ಕಡ್ಡಿ ಮುರಿದಂತೆ ಹೇಳಿದಳು. ದೂರದಾಕೆ ಮಾತ್ರ ದನಿ ತಗ್ಗಿಸಿದಳು.

"ಕದ್ದು ತಂದಿದ್ದು ಕಣಮ್ಮ. ಅಕ್ಕನ ಜೊತೆ ಜಗಳ ಆಡ್ಕೊಂಡು ಮನೆ ಬಿಟ್ಟ ದಿನ, ಒದ್ದೆ ಬಟ್ಟೇಲಿ ಸುತ್ತಿ ಚೀಲದ ತಳದಲ್ಲಿ ಇಟ್ಕೊಂಡೆ. ಇಪ್ಪತ್ತೆಂಟು ವರ್ಷ ಆಯ್ತು. ಅವಳಿಗೆ ಹೇಳ್ಬೇಡಿ."

ಹೇಳಬೇಡಿ ಎಂದವಳೇ ಮರುದಿನ ಫೋನ್ ಮಾಡಿ, ಹೇಳಿದರೂ ಅಡ್ಡಿಯಿಲ್ಲ ಎಂದಳು.

ಊರಿನ ಅಕ್ಕ ಎಲ್ಲ ಕೇಳಿಸಿಕೊಂಡಳು. "ಕಳ್ಳಿ," ಎಂದಳು. ಫೋನಿಡುವ ಮೊದಲು, "ಕಾಯಿ ಬಿಡ್ತಾ ಇದೆಯಂತಾ? ಕೇಳು," ಎಂದಳು.

ಅಲ್ಲಿಂದ ದಿನಾ ಫೋನು. ಡಬ್ಬಿಯ ದೀಪ ಮಿನುಗುತ್ತಿಲ್ಲ ಎಂದು ಅಕ್ಕ ಶುರು ಮಾಡುವಳು. ಲ್ಯಾಬಿನ ಪರದೆಯಲ್ಲಿ ಅದೇ ಡಬ್ಬಿಯ ಲೆಕ್ಕ ಸರಿಯಾಗಿಯೇ ಬರುತ್ತಿರುತ್ತಿತ್ತು. ತಂಗಿಗೆ ಅಕ್ಕನ ಮಂಡಿನೋವಿನ ಚಿಂತೆ. ಇಬ್ಬರ ಮಾತನ್ನೂ ಅವಳು ಅತ್ತಿಂದಿತ್ತ ಸಾಗಿಸಿದಳು, ಚುಚ್ಚುವುದನ್ನು ಅಷ್ಟಿಷ್ಟು ಜರಡಿ ಹಿಡಿದು. ಇಬ್ಬರೂ ಕೊನೆಗೆ, ನಿಂದು ಊಟ ಆಯ್ತಾ ಎಂದು ಕೇಳುತ್ತಿದ್ದರು. ಎಷ್ಟೋ ಸಲ ಆಗಿರದಿದ್ದರೂ ಆಯ್ತು ಎನ್ನುವುದರಲ್ಲಿ ಅವಳಿಗೊಂದು ಸುಖವಿತ್ತು.

ಒಂದು ಸಂಜೆ ಅಕ್ಕ ಹೇಳಿದಳು, "ಅವಳ ನಂಬರ್ ಕೊಡು ಮಗಳೇ. ಎಷ್ಟು ದಿನ ಅಂತ ನಿನಗೆ ತೊಂದರೆ ಕೊಡೋದು?"

ನಂಬರು ಕಣ್ಣೆದುರಿನ ಕಾಗದದಲ್ಲೇ ಇತ್ತು. "ಹುಡುಕಿ ಹೇಳ್ತೀನಿ," ಎಂದುಬಿಟ್ಟಳು. ಮರುದಿನವೂ ಸಿಕ್ಕಿಲ್ಲ ಎಂದಳು. ಆ ರಾತ್ರಿ ತನ್ನ ಬಗ್ಗೆ ತನಗೇ ಅಸಹ್ಯವಾಯಿತು. ಮೂರನೆಯ ದಿನ ತಂಗಿಯನ್ನೊಂದು ಮಾತು ಕೇಳಿ, ನಂಬರು ಕೊಟ್ಟಳು.

ಆಮೇಲೆ ವಾರವಾದರೂ ಫೋನು ಬರಲಿಲ್ಲ. ಭಾನುವಾರ ಮಧ್ಯಾಹ್ನ, ಡಬ್ಬಿಯ ಬ್ಯಾಟರಿಯ ನೆಪ ಹುಡುಕಿಕೊಂಡು ಅವಳೇ ಅಕ್ಕನಿಗೆ ಮಾಡಿದಳು. ಬೇರೆ ಕರೆಯಲ್ಲಿದ್ದಾರೆ ಎಂಬ ಧ್ವನಿ. ತಂಗಿಗೆ ಮಾಡಿದಳು. ಅದೇ ಧ್ವನಿ. ಅರ್ಧ ಗಂಟೆ ಬಿಟ್ಟು ಇಬ್ಬರಿಗೂ ಮತ್ತೆ ಮಾಡಿ ನೋಡಿದಳು. ಇನ್ನೂ ಮುಗಿದಿರಲಿಲ್ಲ.

ಒಳ್ಳೆಯದೇ ಆಯಿತು ಎಂದುಕೊಂಡಳು. ಅದು ಸುಳ್ಳೇನೂ ಆಗಿರಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು, ಕಿಟಕಿಯ ಬಿಸಿಲು ಗೋಡೆಯಿಂದ ಇಳಿಯುವವರೆಗೂ ಅಲ್ಲೇ ಕುಳಿತಿದ್ದಳು.