ಚೀಟಿಯ ಮೂಲೆ

“ಪಾಪ, ತಂಗಿ ನಿಮಗಿಂತ ಮುಂಚೆ ಹೋಗ್ಬಿಟ್ರಲ್ಲ ಅಜ್ಜಿ,” ಎಂದು ಬೇಕರಿಯವನು ಕೈ ಹಿಡಿದದ್ದೇ ತಡ, ಆಕೆ ಕೊಡವಿಕೊಂಡಳು.

“ಸತ್ತಿರೋಳು ಅಕ್ಕ ಕಣಯ್ಯಾ! ನನಗಿಂತ ಎರಡು ವರ್ಷ ದೊಡ್ಡೋಳು. ತೊಂಬತ್ತೆರಡು!”

ಬೇಕರಿಯವನು ಶವಪೆಟ್ಟಿಗೆಯೊಳಗೆ ಇಣುಕಿದ. ನುಣುಪು ಕೆನ್ನೆ, ಅರ್ಧ ಕಪ್ಪು ಕೂದಲು. “ನಂಬೋಕಾಗಲ್ಲ ಬಿಡಿ.”

“‘ಯಾಕಪ್ಪಾ, ನಾನೇನು ಮುದುಕಿನಾ?’” ತಂಗಿ ಅಕ್ಕನ ಇಂಪಾದ ದನಿಯನ್ನೇ ತೆಗೆದು ಅಣಕಿಸಿದಳು.

ಅಳುತ್ತಿದ್ದ ಅಕ್ಕನ ಮಗಳಿಗೆ ನಗು ಬಂದುಬಿಟ್ಟಿತು. “ಚಿಕ್ಕಮ್ಮ, ಇವತ್ತಾದ್ರೂ ಸುಮ್ಮನಿರು.”

“ಇವತ್ತೂ ಎಲ್ಲರೂ ಅವಳನ್ನೇ ನೋಡ್ತಿದಾರಲ್ಲೇ!”

ಆಗಲೇ ಲ್ಯಾಬಿನ ಹುಡುಗಿ ಹೆಗಲಚೀಲದೊಡನೆ ಒಳಗೆ ಬಂದಳು.

*

ಮೂರು ವರ್ಷದ ಹಿಂದೆ, ಹೆಚ್ಚು ಬಾಳಿದವರ ಅಧ್ಯಯನಕ್ಕೆಂದು ಇದೇ ಹುಡುಗಿ ಇದೇ ಕೋಣೆಯಲ್ಲಿ ಇಬ್ಬರ ರಕ್ತ ತೆಗೆದಿದ್ದಳು.

“ಡಿಎನ್‌ಎ ದಿನಾ ಅಲ್ಲಲ್ಲಿ ಹರೀತಿರುತ್ತೆ ಅಜ್ಜಿ. ರಿಪೇರಿ ಮಾಡೋ ಜೀನ್‌ಗಳು ಕೆಲವರಲ್ಲಿ ಬಲು ಚುರುಕು.”

ಹರಿದ ಬಟ್ಟೆಗೆ ರಫೂ ಹಾಕುತ್ತಲೇ ಬದುಕಿದ್ದ ಅಕ್ಕ, “ಓ, ಒಳಗೂ ನನ್ನಂಥೋರಿದಾರೆ ಅನ್ನು,” ಎಂದು ನಕ್ಕಳು. ಆ ನಗುವನ್ನು ತಂಗಿಗೆ ಸಹಿಸಲಾಗಲಿಲ್ಲ. ಅಕ್ಕನ ನುಣುಪು ಕೆನ್ನೆ ನೋಡಿದ ಮೇಲೆ ಚುರುಕು ಯಾರದೆಂದು ಪರೀಕ್ಷೆ ಬೇರೆ ಬೇಕೇ?

ಲೈಬ್ರರಿಯಲ್ಲಿ ಮೂವತ್ತು ವರ್ಷ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸಿದವಳು ತಂಗಿ. “ಕೊಡಮ್ಮ, ಅಂಟಿಸೋದು ನನ್ನ ಕಸುಬು.” ಹುಡುಗಿ ಕೈ ತೊಳೆಯಲು ಹೋದಾಗ ತನ್ನ ಹೆಸರಿನ ಚೀಟಿಯನ್ನು ಅಕ್ಕನ ರಕ್ತದ ಕೊಳವೆಗೆ, ಅಕ್ಕನದನ್ನು ತನ್ನದಕ್ಕೆ ಅಂಟಿಸಿದಳು. ಅವಸರಕ್ಕೆ ಒಂದರ ಮೂಲೆ ಮೇಲೆದ್ದಿತು.

ಅಕ್ಕ ಎಲ್ಲವನ್ನೂ ನೋಡಿದ್ದಳು. ತಂಗಿಯ ಕಣ್ಣೆದುರೇ ಹೆಬ್ಬೆರಳಿನಿಂದ ಆ ಮೂಲೆಯನ್ನು ಒತ್ತಿ ಕೂರಿಸಿದಳು.

ವರದಿ ಬಂತು: ತಂಗಿಯ ರಿಪೇರಿ ಚುರುಕು, ಅಕ್ಕನದು ತೀರಾ ಮಂದ. ತಂಗಿ ಅದಕ್ಕೆ ಚೌಕಟ್ಟು ಹಾಕಿಸಿ ಬಾಗಿಲೆದುರೇ ತೂಗುಹಾಕಿದಳು.

*

ಹುಡುಗಿ ಆ ಚೌಕಟ್ಟಿನತ್ತ ತಿರುಗಿಯೂ ನೋಡಲಿಲ್ಲ. ಪೆಟ್ಟಿಗೆಯ ಬಳಿ ಕೈಕಟ್ಟಿ ನಿಂತಳು.

“ನಿಮ್ಮದು ಚುರುಕು ಅಜ್ಜಿ, ನೀವು ಬಾಳೋದ್ರಲ್ಲಿ ಆಶ್ಚರ್ಯ ಏನಿದೆ? ಇವರನ್ನ ನೋಡಿ! ಅಷ್ಟು ಮಂದ ರಿಪೇರಿ ಇಟ್ಕೊಂಡು ತೊಂಬತ್ತೆರಡು! ಲ್ಯಾಬಲ್ಲೆಲ್ಲಾ ಇವರದೇ ಮಾತು.”

ತಂಗಿ ನಡುವೆ ನುಗ್ಗಿದಳು.

“ಆ ಮಂದ ರಕ್ತ ನನ್ನದು! ಚೀಟಿ ಅದಲುಬದಲು ಮಾಡಿದ್ದು ನಾನೇ. ಆಶ್ಚರ್ಯ ನಾನು ಕಣೇ, ನಾನು!”



“ಅಮ್ಮಂಗೆ ಗೊತ್ತಿತ್ತಾ ಚಿಕ್ಕಮ್ಮ?” ಅಕ್ಕನ ಮಗಳು ಮೆಲ್ಲಗೆ ಕೇಳಿದಳು.

ತಂಗಿ ರವಿಕೆಯ ತೋಳು ಮಡಚಿ ಕೈಯನ್ನು ಹುಡುಗಿಯ ಮುಂದೆ ಚಾಚಿದಳು. “ತೆಗೆ ಮತ್ತೆ. ಈ ಸಲ ಸರಿಯಾಗಿ ಅಂಟಿಸ್ತೀನಿ.”

ಹುಡುಗಿ ಚೀಲದಿಂದ ಸೂಜಿ ತೆಗೆದಳು. ಕೊಳವೆ ತುಂಬಿತು. ಚೀಟಿ ಅಂಟಿಸಿದಳು. ಈ ಸಲವೂ ಮೂಲೆ ಕೂರಲಿಲ್ಲ. ಒತ್ತಿದಳು, ಮತ್ತೆ ಎದ್ದಿತು. ಆಕೆ ಕೊಳವೆಯನ್ನು ಪೆಟ್ಟಿಗೆಯ ಅಂಚಿಗೆ ಒಯ್ದು, ಅಕ್ಕನ ಹೆಬ್ಬೆರಳಿನ ಪಕ್ಕದಲ್ಲೇ ಹಿಡಿದು ನಿಂತಳು.